ಮಾವಿನ ತೋಟಕ್ಕೊಂದು ವೆಬ್‌ಸೈಟ್: ಹ್ಯೂಗೋ ಬಳಸಿ ಮಾಡುವುದು ಹೇಗೆ

ಶ್ರೀನಿವಾಸಪುರದ ಕಡೆ ಮಾವಿನ ತೋಟ ಇರುವ ಬಹಳ ಮನೆಗಳಲ್ಲಿ ಈಗ ಕಂಪ್ಯೂಟರ್ ಓದಿದ ಮಗನೋ ಮಗಳೋ ಇರುತ್ತಾರೆ. ಮಾವು ಕಾಯಿ ಕಟ್ಟುವ ಹೊತ್ತಿಗೆ ಅವರ ತಲೆ ಮೇಲೆ ಒಂದು ಕೆಲಸ ಬೀಳುತ್ತದೆ. "ನಮ್ಮ ತೋಟದ್ದೂ ಒಂದು ವೆಬ್‌ಸೈಟ್ ಮಾಡಪ್ಪ, ಬೆಂಗಳೂರಿನವರು ನೇರವಾಗಿ ನಮಗೇ ಫೋನ್ ಮಾಡಲಿ." ಆ ಕೆಲಸ ಬಿದ್ದವರಿಗಾಗಿ ಇದನ್ನು ಬರೆದಿದ್ದೇನೆ. ಮಾವಿನ ಬದಲು ಶಿಡ್ಲಘಟ್ಟದ ರೇಷ್ಮೆ ಇರಲಿ, ತಿಪಟೂರಿನ ಕೊಬ್ಬರಿ ಇರಲಿ, ದಾರಿ ಒಂದೇ.

ಇಂಥ ಸೈಟಿನಲ್ಲಿ ಇರಬೇಕಾದ್ದು ಎಷ್ಟು? ಯಾವ ತಳಿ ಇದೆ, ಇವತ್ತಿನ ದರ ಎಷ್ಟು, ಆರ್ಡರ್ ಹೇಗೆ ಮಾಡಬೇಕು, ತೋಟ ಎಲ್ಲಿದೆ. ಐದಾರು ಪುಟ ಸಾಕು. ಅದರಲ್ಲಿ ಬದಲಾಗುವುದು ದರ ಒಂದೇ, ಅದೂ ಮೇ ತಿಂಗಳಿಂದ ಜುಲೈವರೆಗೆ. ಉಳಿದ ತಿಂಗಳುಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ವರ್ಡ್‌ಪ್ರೆಸ್ ಸೈಟನ್ನು ಹಾಗೆ ಮುಟ್ಟದೆ ಬಿಟ್ಟರೆ ಪ್ಲಗಿನ್‌ಗಳು ಹಳೆಯದಾಗಿ, ಆ ಸಂದಿಯಲ್ಲಿ ಯಾರೋ ನುಗ್ಗಿ, ಮುಂದಿನ ಏಪ್ರಿಲ್‌ನಲ್ಲಿ ತೆರೆದು ನೋಡಿದರೆ ನಿಮ್ಮ ತೋಟದ ಹೆಸರಲ್ಲಿ ಜೂಜಿನ ಜಾಹೀರಾತು ಕೂತಿರಬಹುದು. ಸ್ಟ್ಯಾಟಿಕ್ ಸೈಟ್‌ನಲ್ಲಿ ಡೇಟಾಬೇಸ್ ಇಲ್ಲ, ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಇಲ್ಲ. ಬರೀ ಫೈಲುಗಳು. ಬಿಟ್ಟು ಹೋದರೂ ಹಾಗೇ ಇರುತ್ತವೆ.

ಹಾಗಂತ ಎಚ್‌ಟಿಎಂಎಲ್ ಕೈಯಲ್ಲೇ ಬರೆಯಬೇಕಾಗಿಲ್ಲ. ನೀವು ಸಾದಾ ಪಠ್ಯ ಬರೆದರೆ ಅದನ್ನು ಒಂದು ಟೆಂಪ್ಲೇಟ್‌ಗೆ ಸುರಿದು ಪೂರ್ತಿ ಸೈಟ್ ಮಾಡಿಕೊಡುವ ಉಪಕರಣವೇ ಸ್ಟ್ಯಾಟಿಕ್ ಸೈಟ್ ಜನರೇಟರ್. 2008ರಲ್ಲಿ ಬಂದ ಜೆಕಿಲ್ ಇದರಲ್ಲಿ ಹೆಸರುವಾಸಿ, ಆದರೆ ಅದಕ್ಕೆ ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡಿರಬೇಕು. ಇಲೆವೆಂಟಿ ಚೆನ್ನಾಗಿದೆ, ಅದಕ್ಕೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬೇಕು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಶುರು ಮಾಡಿದ ಹ್ಯೂಗೋ ಒಂದೇ ಒಂದು ಪ್ರೋಗ್ರಾಂ ಫೈಲ್. ಅದರ ಜೊತೆಗೆ ಬೇರೇನೂ ಹಾಕಬೇಕಿಲ್ಲ. ನೀವು ಕೆಲಸ ಸಿಕ್ಕಿ ಹೈದರಾಬಾದಿಗೋ ಪುಣೆಗೋ ಹೋದ ಮೇಲೆ ಊರಲ್ಲಿ ಇನ್ನೊಬ್ಬರು ಈ ಸೈಟ್ ನೋಡಿಕೊಳ್ಳಬೇಕು ಅಲ್ವಾ? ಆಗ ಅವರಿಗೆ ಕೊಡಬೇಕಾದ್ದು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಅದಕ್ಕೇ ನಾನು ಹ್ಯೂಗೋ ಅನ್ನುವುದು.

ಶುರು ಮಾಡುವ ಮುಂಚೆ ಒಂದು ಮಾತು. ಕಮಾಂಡ್‌ಗಳನ್ನೂ ಫೋಲ್ಡರ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಹ್ಯೂಗೋ ಹಾಕಿಕೊಳ್ಳುವುದು

ವಿಂಡೋಸ್ ಆದರೆ ಟರ್ಮಿನಲ್ ತೆರೆದು "ವಿಂಗೆಟ್ ಇನ್‌ಸ್ಟಾಲ್ ಹ್ಯೂಗೋ.ಹ್ಯೂಗೋ.ಎಕ್ಸ್‌ಟೆಂಡೆಡ್" ಅಂತ ಕೊಡಿ, ಹೆಸರಿನ ಮಧ್ಯೆ ಎರಡು ಚುಕ್ಕಿ ಇರಲಿ. ಮ್ಯಾಕ್‌ನಲ್ಲಿ "ಬ್ರೂ ಇನ್‌ಸ್ಟಾಲ್ ಹ್ಯೂಗೋ". ಉಬುಂಟುವಿನಲ್ಲಿ ಆಪ್ಟ್ ಬಳಸಿದರೆ ಹಳೇ ಆವೃತ್ತಿ ಬಂದು ಥೀಮ್ ಜೊತೆ ತಕರಾರು ಮಾಡಬಹುದು, "ಸ್ನ್ಯಾಪ್ ಇನ್‌ಸ್ಟಾಲ್ ಹ್ಯೂಗೋ" ವಾಸಿ. ಆಮೇಲೆ ಟರ್ಮಿನಲ್ ಮುಚ್ಚಿ ಮತ್ತೆ ತೆರೆದು "ಹ್ಯೂಗೋ ವರ್ಷನ್" ಕೊಡಿ. ಬರುವ ಸಂಖ್ಯೆಯನ್ನು ಎಲ್ಲಾದರೂ ಬರೆದಿಡಿ, ಮುಂದೆ ಬೇಕಾಗುತ್ತದೆ.

ಬರೆಯಲು ವಿಎಸ್ ಕೋಡ್ ಹಾಕಿಕೊಳ್ಳಿ. ನೋಟ್‌ಪ್ಯಾಡ್‌ನಲ್ಲೂ ಆಗುತ್ತದೆ, ಆದರೆ ಅದು ಸೇವ್ ಮಾಡುವಾಗ ಸುಮ್ನೆ ಕೊನೆಗೊಂದು ಟಿಎಕ್ಸ್‌ಟಿ ಅಂಟಿಸಿಬಿಡಬಹುದು. ಆಮೇಲೆ ಪುಟ ಯಾಕೆ ಬರುತ್ತಿಲ್ಲ ಅಂತ ಅರ್ಧ ದಿನ ಹುಡುಕಬೇಕಾಗುತ್ತದೆ.

ಈಗ "ಹ್ಯೂಗೋ ನ್ಯೂ ಸೈಟ್ ಮಾವು" ಅಂತ ಕೊಟ್ಟರೆ ಮಾವು ಅನ್ನುವ ಫೋಲ್ಡರ್ ಹುಟ್ಟುತ್ತದೆ. ಅದರೊಳಗೆ ಹಲವು ಫೋಲ್ಡರ್‌ಗಳಿರುತ್ತವೆ, ಹೆದರಬೇಡಿ. ನಿಮಗೆ ಬೇಕಾದ್ದು ನಾಲ್ಕು: ಬರಹಕ್ಕೆ ಕಂಟೆಂಟ್, ಫೋಟೋಗಳಿಗೆ ಸ್ಟ್ಯಾಟಿಕ್, ವಿನ್ಯಾಸಕ್ಕೆ ಥೀಮ್ಸ್, ಮತ್ತು ಸೈಟ್‌ನ ಸೆಟ್ಟಿಂಗ್ ಇರುವ ಹ್ಯೂಗೋ.ಟಾಮಲ್ ಫೈಲ್.

ಥೀಮ್

ಹ್ಯೂಗೋ ಸೈಟ್‌ನಲ್ಲಿ ಪುಕ್ಕಟೆ ಥೀಮ್‌ಗಳು ನೂರಾರು ಇವೆ. ಹುಡುಕುತ್ತಾ ಕೂತರೆ ಮಾವಿನ ಕಾಲವೇ ಮುಗಿದುಹೋಗುತ್ತದೆ. ಪೇಪರ್‌ಮಾಡ್ ತೆಗೆದುಕೊಳ್ಳಿ. ಹಗುರ ಇದೆ, ಫೋನ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ಎಲ್ಲ ಮಾರ್ಗದರ್ಶಿಗಳೂ ಥೀಮನ್ನು ಗಿಟ್ (ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಉಪಕರಣ) ಸಬ್‌ಮಾಡ್ಯೂಲ್ ಆಗಿ, ಅಂದರೆ ಥೀಮ್ ಮಾಡಿದವರ ಫೋಲ್ಡರಿಗೆ ಬರೀ ಕೊಂಡಿಯಾಗಿ ಸೇರಿಸಿ ಅನ್ನುತ್ತವೆ. ನಾನು ಬೇಡ ಅನ್ನುತ್ತೇನೆ. ಸಬ್‌ಮಾಡ್ಯೂಲ್ ಅರ್ಥವಾಗದವರು ಕೊನೆಗೆ ಥೀಮನ್ನು ಬರೀ ಕ್ಲೋನ್ ಮಾಡಿ ಹಾಕುತ್ತಾರೆ, ಫೈಲುಗಳನ್ನು ಆನ್‌ಲೈನ್‌ನಲ್ಲಿಡುವ ಗಿಟ್‌ಹಬ್‌ಗೆ ಕಳಿಸಿದಾಗ ಆ ಫೋಲ್ಡರ್ ಖಾಲಿ ಹೋಗುತ್ತದೆ, ಸೈಟ್ ಬಿಳಿ ಹಾಳೆಯಾಗಿ ಕೂರುತ್ತದೆ. ಅದರ ಬದಲು ಥೀಮ್‌ನ ಜಿಪ್ ಇಳಿಸಿ, ಬಿಚ್ಚಿ, ಫೋಲ್ಡರಿನ ಹೆಸರನ್ನು ಪೇಪರ್‌ಮಾಡ್ ಅಂತ ಬದಲಿಸಿ ಥೀಮ್ಸ್ ಒಳಗೆ ಇಡಿ. ಥೀಮ್‌ನ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ ನಿಜ. ಬರದಿದ್ದರೇನೇ ಒಳ್ಳೆಯದು, ಸರಿಯಾಗಿ ನಡೆಯುತ್ತಿರುವುದನ್ನು ಯಾಕೆ ಕೆದಕಬೇಕು?

ಹ್ಯೂಗೋ.ಟಾಮಲ್ ತೆರೆಯಿರಿ. ಭಾಷೆಯ ಸಾಲಿನಲ್ಲಿ ಅಮೆರಿಕದ ಇಂಗ್ಲಿಷ್ ಇರುತ್ತದೆ, ಅದನ್ನು ಕೆಎನ್ ಮಾಡಿ. ಡೀಫಾಲ್ಟ್ ಕಂಟೆಂಟ್ ಲ್ಯಾಂಗ್ವೇಜ್ ಅನ್ನುವ ಸಾಲು ಸೇರಿಸಿ ಅದಕ್ಕೂ ಕೆಎನ್ ಕೊಡಿ. ಇದರಿಂದ ಈ ಪುಟ ಕನ್ನಡದ್ದು ಅಂತ ಬ್ರೌಸರಿಗೂ ಸರ್ಚ್ ಎಂಜಿನ್‌ಗೂ ಗೊತ್ತಾಗುತ್ತದೆ, ಕಣ್ಣು ಕಾಣದವರು ಬಳಸುವ ಓದುವ ಸಾಫ್ಟ್‌ವೇರ್ ಕನ್ನಡದ ಉಚ್ಚಾರದಲ್ಲಿ ಓದುತ್ತದೆ. ಟೈಮ್ ಜೋನ್‌ಗೆ ಏಷ್ಯಾ/ಕೋಲ್ಕತ್ತಾ ಕೊಡಿ (ಎರಡೂ ಪದಗಳ ಮೊದಲಕ್ಷರ ದೊಡ್ಡದು), ಯಾಕೆ ಅಂತ ಮುಂದೆ ಹೇಳುತ್ತೇನೆ. ಟೈಟಲ್‌ನಲ್ಲಿ ತೋಟದ ಹೆಸರು ಕನ್ನಡದಲ್ಲೇ ಇರಲಿ. ಥೀಮ್ ಅನ್ನುವ ಸಾಲು ಸೇರಿಸಿ, ಅದರಲ್ಲಿ ಫೋಲ್ಡರಿಗೆ ಕೊಟ್ಟ ಹೆಸರೇ ಇರಬೇಕು, ದೊಡ್ಡಕ್ಷರ ಸಣ್ಣಕ್ಷರ ಸಮೇತ.

ಟರ್ಮಿನಲ್‌ನಲ್ಲಿ ಮಾವು ಫೋಲ್ಡರಿನೊಳಗೆ ಹೋಗಿ "ಹ್ಯೂಗೋ ಸರ್ವರ್" ಅಂತ ಕೊಟ್ಟು ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:1313 ತೆರೆದರೆ ಸೈಟ್ ಕಾಣುತ್ತದೆ. ನೀವು ಫೈಲ್ ಸೇವ್ ಮಾಡಿದಂತೆಲ್ಲ ಅದೂ ತಾನಾಗಿ ಬದಲಾಗುತ್ತದೆ.

ಬರೆಯುವುದು

ಒಂದು ತಳಿಗೆ ಒಂದು ಪುಟ ಅಂದುಕೊಳ್ಳಿ. "ಹ್ಯೂಗೋ ನ್ಯೂ ಕಂಟೆಂಟ್ ಬಾದಾಮಿ.ಎಂಡಿ" ಕೊಟ್ಟರೆ ಕಂಟೆಂಟ್ ಫೋಲ್ಡರಿನಲ್ಲಿ ಫೈಲ್ ಬರುತ್ತದೆ. ಮೇಲ್ಗಡೆ +++ ಗುರುತುಗಳ ಮಧ್ಯೆ ಶೀರ್ಷಿಕೆ, ದಿನಾಂಕ, ಡ್ರಾಫ್ಟ್ ಅನ್ನುವ ಸಾಲುಗಳಿರುತ್ತವೆ. ಕೆಳಗೆ ನಿಮ್ಮ ಬರಹ. ಬರಹಕ್ಕೆ ಬಳಸುವುದು ಮಾರ್ಕ್‌ಡೌನ್, 2004ರಲ್ಲಿ ಜಾನ್ ಗ್ರೂಬರ್ ಹೊರತಂದ ಸರಳ ಪದ್ಧತಿ. ಸಾಲಿನ ಮುಂದೆ # ಹಾಕಿದರೆ ತಲೆಬರಹ, ಎರಡೂ ಕಡೆ  ಎರಡೆರಡು ನಕ್ಷತ್ರ (*) ಹಾಕಿದರೆ ದಪ್ಪಕ್ಷರ, ಪ್ಯಾರಾಗಳ ಮಧ್ಯೆ ಒಂದು ಖಾಲಿ ಸಾಲು. ಇಷ್ಟು ಗೊತ್ತಿದ್ದರೆ ಸಾಕು.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಶೀರ್ಷಿಕೆ ಕನ್ನಡದಲ್ಲಿರಲಿ. ಫೈಲಿನ ಹೆಸರೇ ಪುಟದ ವಿಳಾಸವಾಗುತ್ತದೆ. ಕನ್ನಡದಲ್ಲಿ ಇಟ್ಟರೂ ಸೈಟ್ ನಡೆಯುತ್ತದೆ, ಆದರೆ ಲಿಂಕನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ನೋಡಬೇಕು. ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ ಯುನಿಕೋಡ್‌ನ 3 ಬೈಟ್ ಆಗಿ, ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ 3 ಗುರುತಾಗಿ, ಒಟ್ಟು 9 ಗುರುತಾಗಿ ಹಿಗ್ಗುತ್ತದೆ. "ಬಾದಾಮಿ" ಅನ್ನುವ ಪುಟ್ಟ ಪದಕ್ಕೇ 54 ಗುರುತು. ಆ ಉದ್ದದ ಲಿಂಕ್ ನೋಡಿದವರು ಯಾವುದೋ ಮೋಸದ ಲಿಂಕ್ ಅಂದುಕೊಂಡು ಒತ್ತುವುದೇ ಇಲ್ಲ.

ದಪ್ಪಕ್ಷರದ ವಿಷಯದಲ್ಲಿ ಒಂದು ತೊಡಕಿದೆ. ನಾವು ವಿಭಕ್ತಿಯನ್ನು ಪದಕ್ಕೆ ಅಂಟಿಸಿಯೇ ಬರೆಯುತ್ತೇವೆ. "ಬಾದಾಮಿ" ಅನ್ನುವುದನ್ನು ಉದ್ಧರಣ ಚಿಹ್ನೆ ಸಮೇತ ನಕ್ಷತ್ರಗಳ ಒಳಗಿಟ್ಟು, ಹೊರಗೆ "ಯನ್ನು" ಅಂಟಿಸಿ ಬರೆದು ನೋಡಿ, ದಪ್ಪ ಆಗುವುದಿಲ್ಲ, ನಕ್ಷತ್ರಗಳು ಹಾಗೇ ಕಾಣುತ್ತವೆ. ಮುಚ್ಚುವ  ನಕ್ಷತ್ರಗಳ ಹಿಂದೆ ಉದ್ಧರಣ ಚಿಹ್ನೆಯಂಥ ಗುರುತಿದ್ದು ಮುಂದೆ ತಕ್ಷಣ ಅಕ್ಷರ ಬಂದರೆ ಅದನ್ನು ಮುಚ್ಚುವ ಗುರುತು ಅಂತ ಮಾರ್ಕ್‌ಡೌನ್ ಒಪ್ಪುವುದಿಲ್ಲ. ಪ್ರತ್ಯಯವನ್ನೂ ನಕ್ಷತ್ರಗಳ ಒಳಗೇ ಸೇರಿಸಿ, ಅಥವಾ ಉದ್ಧರಣ ಚಿಹ್ನೆ ತೆಗೆಯಿರಿ.

ತೋಟದ ಹಳೇ ಕರಪತ್ರ, ಬ್ರೋಷರ್ ಇದ್ದರೆ ಅದರ ಪಠ್ಯ ಡಿಟಿಪಿ ಅಂಗಡಿಯಲ್ಲಿ ಸಿಗಬಹುದು. ಆದರೆ ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ಸೈಟಿಗೆ ಹಾಕಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ನಲ್ಲಿ ಹಾಕಿ ತೆಗೆಯಿರಿ, ಆಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವೊತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ.

ಏನು ಬರೆಯಬೇಕು ಅನ್ನುವುದೂ ಮುಖ್ಯ. "ನಮ್ಮ ತೋಟಕ್ಕೆ ಸುಸ್ವಾಗತ" ಯಾರಿಗೂ ಬೇಡ. ಕೊಳ್ಳುವವರು ಫೋನಿನಲ್ಲಿ ಕೇಳುವುದನ್ನೇ ಬರೆಯಿರಿ. ಕಾರ್ಬೈಡ್ ಹಾಕುತ್ತೀರಾ ಅನ್ನುವುದು ಅವರ ಮೊದಲ ಪ್ರಶ್ನೆ. ಕ್ಯಾಲ್ಸಿಯಂ ಕಾರ್ಬೈಡ್‌ನಲ್ಲಿ ಹಣ್ಣು ಮಾಗಿಸುವುದು ನಮ್ಮ ದೇಶದಲ್ಲಿ ನಿಷಿದ್ಧ, ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಬಹುದು. ನೀವು ಹುಲ್ಲಿನಲ್ಲಿ ಹಣ್ಣು ಮಾಡುತ್ತೀರೋ, ಎಥಿಲೀನ್ ಕೋಣೆಯಲ್ಲೋ, ಕಾಯನ್ನೇ ಕಳಿಸುತ್ತೀರೋ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಕಾಯಿ ಕಳಿಸಿದರೆ ಮನೆಯಲ್ಲಿ ಹೇಗೆ ಹಣ್ಣಾಗಿಸಬೇಕು ಅಂತ ಹೇಳಿ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಬೇನಿಶಾ, ತೋತಾಪುರಿ ಎಲ್ಲ ಒಟ್ಟಿಗೆ ಬರುವುದಿಲ್ಲ ಅಂತ ನಗರದವರಿಗೆ ಗೊತ್ತಿರುವುದಿಲ್ಲ. ಯಾವುದು ನಿಮ್ಮ ತೋಟದಲ್ಲಿ ಯಾವಾಗ ಅಂತ ಒಂದು ಪುಟ ಮಾಡಿದರೆ ಅರ್ಧ ಫೋನ್ ಕರೆ ಉಳಿಯುತ್ತದೆ.

ದರದ ಪುಟ

ಸೈಟಿನ ಜೀವ ಇರುವುದು ಇಲ್ಲಿ. ದರ ಹಳೆಯದಾದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ದಂಡ. ಹ್ಯೂಗೋದಲ್ಲಿ ಡೇಟಾ ಅನ್ನುವ ಫೋಲ್ಡರಿನಲ್ಲಿ ದರಗಳನ್ನು ಪ್ರತ್ಯೇಕ ಫೈಲಿನಲ್ಲಿಟ್ಟು, ಶಾರ್ಟ್‌ಕೋಡ್ (ಪುಟದೊಳಗೆ ಕರೆಯಬಹುದಾದ ಪುಟ್ಟ ಟೆಂಪ್ಲೇಟ್) ಬರೆದು ಬೇಕಾದ ಪುಟಗಳಲ್ಲೆಲ್ಲ ತೋರಿಸುವ ಸೌಕರ್ಯ ಇದೆ. ಚೆನ್ನಾಗಿದೆ, ಆದರೆ ಆ ಫೈಲಿನಲ್ಲಿ ಒಂದು ಜಾಗ ಹೆಚ್ಚು ಕಮ್ಮಿ ಆದರೂ ಸೈಟ್ ಕಟ್ಟುವುದೇ ನಿಲ್ಲುತ್ತದೆ. ದರ ತಿದ್ದುವವರು ಅಪ್ಪನೋ ಚಿಕ್ಕಪ್ಪನೋ ಆದರೆ ಈ ರಗಳೆ ಬೇಡ. ದರಕ್ಕೇ ಒಂದು ಪುಟ ಇಟ್ಟು ಅದರಲ್ಲಿ ಸಾದಾ ಟೇಬಲ್ ಮಾಡಿ:

| ತಳಿ | ಕೆಜಿಗೆ ದರ | ಸ್ಥಿತಿ |
|---|---|---|
| ರಸಪುರಿ | ₹ … | ಸಿಗುತ್ತದೆ |
| ಬಾದಾಮಿ | ₹ … | ಸಿಗುತ್ತದೆ |
| ಮಲ್ಲಿಕಾ | ₹ … | ಇನ್ನೂ ಕಾಯಿ |

ಟೇಬಲ್ ಮೇಲೆ "ಈ ದರ ಇಂಥ ದಿನದ್ದು" ಅಂತ ತಾರೀಕು ಇರಲೇಬೇಕು. ಬೇರೆ ಪುಟಗಳಲ್ಲಿ ದರ ಬರೆಯಬೇಡಿ, ಈ ಪುಟಕ್ಕೆ ಲಿಂಕ್ ಕೊಡಿ.

ಆರ್ಡರ್‌ಗೆ ಫಾರ್ಮ್, ಕಾರ್ಟ್, ಪೇಮೆಂಟ್ ಗೇಟ್‌ವೇ ಅಂತ ಹೋಗಬೇಡಿ. ಡಬ್ಲ್ಯೂಎ.ಎಂಇ ಅಂತ ಬರೆದು, ಅಡ್ಡಗೆರೆ ಹಾಕಿ, ಪ್ಲಸ್ ಇಲ್ಲದೆ 91 ಸೇರಿಸಿ ಮೊಬೈಲ್ ನಂಬರ್ ಬರೆದರೆ ಅದೇ ವಾಟ್ಸಾಪ್ ಲಿಂಕ್. ಒತ್ತಿದರೆ ನೇರ ಚಾಟ್ ತೆರೆಯುತ್ತದೆ. ಕರೆ ಮಾಡಲು ಇನ್ನೊಂದು ಲಿಂಕ್ ಇಡಿ. ಫೋನ್ ನಂಬರನ್ನು ಚಿತ್ರದಲ್ಲಿ ಮಾತ್ರ ಹಾಕುವವರಿದ್ದಾರೆ, ಅದನ್ನು ಒತ್ತಿ ಕರೆ ಮಾಡಲು ಆಗುವುದಿಲ್ಲ.

ಫೋಟೋ ಮತ್ತು ಅಕ್ಷರದ ಅಂದ

ಫೋನಿನ ಕ್ಯಾಮೆರಾದ ಫೋಟೋ ಒಂದೊಂದೂ ಸಾಮಾನ್ಯವಾಗಿ ಕೆಲವು ಎಂಬಿ ಇರುತ್ತದೆ. ಹಾಗೇ ಹಾಕಿದರೆ ಪುಟ ತೆವಳುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ 200 ಕೆಬಿ ಒಳಗೆ ತನ್ನಿ. ಹೆಸರು ಸಣ್ಣ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಇಡಿ. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ, ಸೈಟ್ ಇರುವ ಸರ್ವರ್‌ಗೆ ಇದೆ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಫೋಟೋ ಆನ್‌ಲೈನ್‌ನಲ್ಲಿ ಮಾಯವಾದರೆ ಮೊದಲು ಇದನ್ನೇ ನೋಡಿ.

ಥೀಮ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ತಲೆಬರಹಗಳ ಸಾಲುಗಳ ನಡುವೆ ಜಾಗ ಕಮ್ಮಿ ಇರುತ್ತದೆ, ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವೊಮ್ಮೆ ಕತ್ತರಿಸಿಯೇ ಹೋಗುತ್ತದೆ. ಪೇಪರ್‌ಮಾಡ್‌ನಲ್ಲಿ ಇದಕ್ಕೆ ಥೀಮನ್ನು ಮುಟ್ಟಬೇಕಿಲ್ಲ. ನಿಮ್ಮ ಸೈಟಿನ ಅಸೆಟ್ಸ್ ಫೋಲ್ಡರಿನಲ್ಲಿ ಸಿಎಸ್‌ಎಸ್, ಅದರೊಳಗೆ ಎಕ್ಸ್‌ಟೆಂಡೆಡ್ ಅಂತ ಫೋಲ್ಡರ್ ಮಾಡಿ ಒಂದು ಸಿಎಸ್‌ಎಸ್ ಫೈಲ್ ಇಟ್ಟರೆ ಅದನ್ನು ತಾನೇ ಸೇರಿಸಿಕೊಳ್ಳುತ್ತದೆ. ಅದರಲ್ಲಿ ಲೈನ್ ಹೈಟ್ ಬರಹಕ್ಕೆ 1.8, ತಲೆಬರಹಕ್ಕೆ 1.5 ಕೊಡಿ. ಲೆಟರ್ ಸ್ಪೇಸಿಂಗ್ ಸೊನ್ನೆ ಇರಲಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡವೇ ಬೇಡ, ನಮ್ಮ ಪದಗಳು ಉದ್ದ, ಫೋನ್ ಪರದೆಯಲ್ಲಿ ಸಾಲಿನ ಮಧ್ಯೆ ಗುಂಡಿ ಬೀಳುತ್ತದೆ.

ಕನ್ನಡ ಫಾಂಟ್ ಸೇರಿಸಬೇಕಾ? ನನ್ನ ಪ್ರಕಾರ ಬೇಡ. ಆಂಡ್ರಾಯ್ಡ್ ಫೋನುಗಳಲ್ಲೂ ವಿಂಡೋಸ್‌ನಲ್ಲೂ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಸುಮ್ನೆ ಓದುವವರ ಡೇಟಾ ಯಾಕೆ ತಿನ್ನಬೇಕು.

ಥೀಮ್‌ನಲ್ಲಿ "ಮುಂದಿನ ಪುಟ", "ಹಿಂದಿನ ಪುಟ" ಅಂಥ ಪದಗಳು ಇಂಗ್ಲಿಷ್‌ನಲ್ಲಿ ಬರಬಹುದು. ಥೀಮ್‌ನ ಐ18ಎನ್ ಫೋಲ್ಡರಿನಲ್ಲಿ ಇಂಗ್ಲಿಷ್‌ನ ಇಎನ್.ಯಾಮಲ್ ಇರುತ್ತದೆ. ಅದನ್ನು ನಿಮ್ಮ ಸೈಟಿನ ಐ18ಎನ್ ಫೋಲ್ಡರಿಗೆ ಕೆಎನ್.ಯಾಮಲ್ ಹೆಸರಲ್ಲಿ ಕಾಪಿ ಮಾಡಿ, ಬಲಗಡೆಯ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ. "ನೆಕ್ಸ್ಟ್" ಅಂತ ಇರುವ ಕಡೆ "ಮುಂದೆ" ಅಂತ ಸಾಕು.

ಆನ್‌ಲೈನ್‌ಗೆ ಹಾಕುವುದು

ಎಲ್ಲರೂ ಹೇಳುವುದು ಗಿಟ್‌ಹಬ್ ಪೇಜಸ್. ಪುಕ್ಕಟೆ, ಒಳ್ಳೆಯದೇ. ಆದರೆ ಆನ್‌ಲೈನ್ ವ್ಯಾಪಾರಕ್ಕೆ, ಮುಖ್ಯವಾಗಿ ಮಾರಾಟಕ್ಕೇ ಅಂತ ಇರುವ ಸೈಟಿಗೆ ಅದನ್ನು ಬಳಸುವಂತಿಲ್ಲ ಅಂತ ಅವರ ನಿಯಮವೇ ಇದೆ. ಹಳ್ಳಿಯ ಶಾಲೆಯದ್ದೋ, ಕೆರೆಯ ಇತಿಹಾಸದ್ದೋ ಸೈಟ್ ಆದರೆ ಧಾರಾಳವಾಗಿ ಅಲ್ಲಿಡಿ. ಮಾವಿನ ದರ ಹಾಕಿ ಆರ್ಡರ್ ತೆಗೆದುಕೊಳ್ಳುವುದಕ್ಕೆ ಕ್ಲೌಡ್‌ಫ್ಲೇರ್ ಪೇಜಸ್ ಸರಿ. ಪುಕ್ಕಟೆ ಖಾತೆಯಲ್ಲೇ ತಿಂಗಳಿಗೆ 500 ಸಲ ಸೈಟ್ ಕಟ್ಟಬಹುದು, 20,000 ಫೈಲ್‌ವರೆಗೆ ಇಡಬಹುದು. ದಿನಕ್ಕೆ ಹತ್ತು ಸಲ ದರ ಬದಲಿಸಿದರೂ ಮುಗಿಯುವುದಿಲ್ಲ.

ಫೈಲುಗಳನ್ನು ಇಡುವುದು ಮಾತ್ರ ಗಿಟ್‌ಹಬ್‌ನಲ್ಲೇ. ಗಿಟ್ ಕಮಾಂಡ್ ಬರದಿದ್ದರೆ ಗಿಟ್‌ಹಬ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ, ಮಾವು ಫೋಲ್ಡರನ್ನು ಸೇರಿಸಿ, ಕಮಿಟ್ ಮಾಡಿ (ಅಂದರೆ ಬದಲಾವಣೆಯನ್ನು ದಾಖಲಿಸಿ), ಪಬ್ಲಿಷ್ ಒತ್ತಿ. ಅಲ್ಲಿ ಕೋಡನ್ನು ಪ್ರೈವೇಟ್ ಆಗಿ ಇಡುವ ಟಿಕ್ ಇರುತ್ತದೆ, ಅದನ್ನು ತೆಗೆಯಬೇಡಿ. ಪಬ್ಲಿಕ್ ಇಟ್ಟರೆ ನೀವು ಅಳಿಸಿದ್ದು, ತಿದ್ದಿದ್ದು ಎಲ್ಲವೂ ಹಳೇ ಚರಿತ್ರೆಯಲ್ಲಿ ಯಾರಿಗೆ ಬೇಕಾದರೂ ಕಾಣುತ್ತದೆ. ಅಲ್ಲಿಗೆ ಬ್ಯಾಂಕ್ ಪಾಸ್‌ಬುಕ್‌ನ ಫೋಟೋ ಒಂದು ಸಲ ಹೋಯಿತು ಅಂದರೆ ಡಿಲೀಟ್ ಮಾಡಿದರೂ ಹೋಗಿಲ್ಲ ಅಂತಲೇ ಲೆಕ್ಕ. ಪ್ರೈವೇಟ್ ಇಟ್ಟರೂ ಅಂಥದ್ದನ್ನು ಹಾಕಬೇಡಿ.

ಕ್ಲೌಡ್‌ಫ್ಲೇರ್‌ನಲ್ಲಿ ಖಾತೆ ಮಾಡಿ, ಪೇಜಸ್‌ಗೆ ಹೋಗಿ, ಗಿಟ್‌ಗೆ ಜೋಡಿಸಿ, ನಿಮ್ಮ ರೆಪೊಸಿಟರಿ (ಗಿಟ್‌ಹಬ್‌ಗೆ ಕಳಿಸಿದ ಮಾವು ಫೋಲ್ಡರ್) ಆರಿಸಿ. ಫ್ರೇಮ್‌ವರ್ಕ್ ಪಟ್ಟಿಯಲ್ಲಿ ಹ್ಯೂಗೋ ಆರಿಸಿದರೆ ಬಿಲ್ಡ್ ಕಮಾಂಡ್ ಹ್ಯೂಗೋ, ಔಟ್‌ಪುಟ್ ಫೋಲ್ಡರ್ ಪಬ್ಲಿಕ್ ಅಂತ ತಾನೇ ತುಂಬಿಕೊಳ್ಳುತ್ತದೆ. ಒಂದು ಕೆಲಸ ಮರೆಯಬೇಡಿ. ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನುವ ಕಡೆ ಹ್ಯೂಗೋ_ವರ್ಷನ್ ಅನ್ನುವ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕೊಟ್ಟು, ಮೊದಲೇ ಬರೆದಿಟ್ಟುಕೊಂಡ ಸಂಖ್ಯೆ ಹಾಕಿ. ಇಲ್ಲದಿದ್ದರೆ ಅಲ್ಲಿ ಬೇರೆ ಆವೃತ್ತಿ ಓಡಿ, ನಿಮ್ಮಲ್ಲಿ ಸರಿಯಿದ್ದ ಸೈಟ್ ಅಲ್ಲಿ ಮುರಿಯಬಹುದು.

ಒಂದೆರಡು ನಿಮಿಷದಲ್ಲಿ ಪೇಜಸ್.ಡೆವ್ ಅಂತ ಮುಗಿಯುವ ವಿಳಾಸ ಸಿಗುತ್ತದೆ. ಅದನ್ನು ಹ್ಯೂಗೋ.ಟಾಮಲ್‌ನ ಬೇಸ್‌ಯುಆರ್‌ಎಲ್ ಸಾಲಿನಲ್ಲಿ ಕೊನೆಯ ಅಡ್ಡಗೆರೆ ಸಮೇತ ಹಾಕಿ. ಸೈಟ್ ಬಣ್ಣ, ವಿನ್ಯಾಸ ಏನೂ ಇಲ್ಲದೆ ಬರೀ ಅಕ್ಷರವಾಗಿ ಕಂಡರೆ ಹೆಚ್ಚಾಗಿ ತಪ್ಪಿರುವುದು ಈ ಸಾಲಿನಲ್ಲೇ.

ಸ್ವಂತ ಹೆಸರು ಬೇಕಾದರೆ ಡಾಟ್ ಇನ್ ಡೊಮೇನ್ ಕೊಳ್ಳಿ. ಕನ್ನಡದಲ್ಲೇ ಡಾಟ್ ಭಾರತ ಕೂಡ ಇದೆ, ಖುಷಿ ಕೊಡುತ್ತದೆ, ಆದರೆ ಫೋನಿನಲ್ಲಿ ವಿಳಾಸ ಹೇಳುವಾಗ ಡಾಟ್ ಇನ್ ಸುಲಭ. ಡೊಮೇನ್ ತೋಟದ ಯಜಮಾನರ ಹೆಸರು, ಅವರ ಇಮೇಲ್, ಅವರ ಫೋನ್ ನಂಬರಿನಲ್ಲಿ ಇರಲಿ, ಮಾಡಿಕೊಟ್ಟವರ ಹೆಸರಲ್ಲಿ ಬೇಡ. ಮೂರು ವರ್ಷ ಆದ ಮೇಲೆ ನವೀಕರಣದ ನೆನಪೋಲೆ ಯಾರ ಇನ್‌ಬಾಕ್ಸಿಗೆ ಬರುತ್ತದೆ ಅನ್ನುವುದರ ಮೇಲೆ ಸೈಟ್ ಉಳಿಯುತ್ತದೋ ಇಲ್ಲವೋ ನಿಂತಿದೆ. ಮುಂದೆ ಡಬ್ಲ್ಯೂ ಮೂರು ಸಲ ಇರುವ ವಿಳಾಸ ಸಾಕು ಅಂದರೆ ಪೇಜಸ್‌ನಲ್ಲಿ ಆ ಹೆಸರು ಸೇರಿಸಿ, ಡೊಮೇನ್ ಕೊಂಡ ಕಡೆ ಅದನ್ನು ಪೇಜಸ್.ಡೆವ್ ವಿಳಾಸಕ್ಕೆ ತೋರಿಸುವ ಒಂದು ಸಿನೇಮ್ ದಾಖಲೆ ಹಾಕಿದರೆ ಆಯಿತು. ಬರೀ ಹೆಸರೂ ನಡೆಯಬೇಕು ಅಂದರೆ ನೇಮ್‌ಸರ್ವರ್‌ಗಳನ್ನು ಕ್ಲೌಡ್‌ಫ್ಲೇರ್‌ಗೆ ಬದಲಿಸಬೇಕು. ಬೀಗದ ಗುರುತಿನ ಎಚ್‌ಟಿಟಿಪಿಎಸ್ ಎರಡರಲ್ಲೂ ತಾನಾಗಿ ಬರುತ್ತದೆ, ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ. ಹೆಸರು ಬದಲಾದರೆ ಬೇಸ್‌ಯುಆರ್‌ಎಲ್ ಕೂಡ ಬದಲಿಸಿ.

ಊರಲ್ಲಿದ್ದವರು ದರ ಬದಲಿಸುವುದು

ಇದಕ್ಕೆ ಕಂಪ್ಯೂಟರ್ ಬೇಡ. ಫೋನಿನ ಬ್ರೌಸರಿನಲ್ಲಿ ಗಿಟ್‌ಹಬ್‌ಗೆ ಲಾಗಿನ್ ಆಗಿ, ದರದ ಫೈಲ್ ತೆರೆದು, ಪೆನ್ಸಿಲ್ ಗುರುತು ಒತ್ತಿ, ಸಂಖ್ಯೆ ಮತ್ತು ತಾರೀಕು ಬದಲಿಸಿ, ಕಮಿಟ್ ಒತ್ತಿದರೆ ಸಾಕು. ಒಂದೆರಡು ನಿಮಿಷದಲ್ಲಿ ಸೈಟಿನಲ್ಲಿ ಹೊಸ ದರ. ಆ ತಿದ್ದುವ ಪುಟದ ಲಿಂಕನ್ನೇ ಅಪ್ಪನ ಫೋನಿನ ಮುಖಪರದೆಗೆ ಐಕಾನ್ ಮಾಡಿ ಇಟ್ಟುಕೊಡಿ. ಗೆರೆಗಳನ್ನು ಮುಟ್ಟಬೇಡಿ, ಸಂಖ್ಯೆ ಮಾತ್ರ ಬದಲಿಸಿ ಅಂತ ಹೇಳಿಕೊಡಿ. ಒಂದು ಸಲ ಪಕ್ಕದಲ್ಲಿ ಕೂತು ಅವರ ಕೈಯಲ್ಲೇ ಮಾಡಿಸಿ. ಇನ್ನು ನೀವು ನಿಮ್ಮ ಕಂಪ್ಯೂಟರಿನಲ್ಲಿ ಕೆಲಸ ಶುರು ಮಾಡುವ ಮುಂಚೆ ಗಿಟ್‌ಹಬ್ ಡೆಸ್ಕ್‌ಟಾಪ್‌ನಲ್ಲಿ ಪುಲ್ ಒತ್ತಿ, ಅವರು ಬದಲಿಸಿದ್ದನ್ನು ಇಳಿಸಿಕೊಳ್ಳಿ. ಇಲ್ಲದಿದ್ದರೆ ಅವರ ತಿದ್ದುಪಡಿಗೂ ನಿಮ್ಮದಕ್ಕೂ ಜಗಳ ಬೀಳುತ್ತದೆ.

ಪುಟ ಬರದಿದ್ದರೆ

ಬರೆದ ಪುಟ ಸೈಟಿನಲ್ಲಿ ಕಾಣದಿದ್ದರೆ ಮೊದಲು ಡ್ರಾಫ್ಟ್ ಸಾಲು ನೋಡಿ. ಹೊಸ ಫೈಲಿನಲ್ಲಿ ಅದು ಟ್ರೂ ಅಂತ ಇರುತ್ತದೆ, ಫಾಲ್ಸ್ ಮಾಡಬೇಕು.

ಅದು ಸರಿಯಿದ್ದರೆ ದಿನಾಂಕ. ಮುಂದಿನ ತಾರೀಕಿನ ಪುಟವನ್ನು ಹ್ಯೂಗೋ ಪ್ರಕಟಿಸುವುದಿಲ್ಲ. ನೀವು ಬೆಳಗ್ಗೆ 9 ಗಂಟೆ ಅಂತ ಕೈಯಲ್ಲೇ ಬರೆದು, ಟೈಮ್ ಜೋನ್ ಎಲ್ಲೂ ಹೇಳದಿದ್ದರೆ ಅದನ್ನು ಗ್ರೀನಿಚ್‌ನ 9 ಗಂಟೆ ಅಂದುಕೊಳ್ಳುತ್ತದೆ. ನಮ್ಮಲ್ಲಿ ಅದು ಮಧ್ಯಾಹ್ನ 2:30. ಆ ಹೊತ್ತು ಕಳೆದರೂ ಪುಟ ತಾನಾಗಿ ಬರುವುದಿಲ್ಲ, ಯಾಕೆಂದರೆ ಯಾರಾದರೂ ಏನಾದರೂ ಬದಲಿಸುವವರೆಗೂ ಸೈಟ್ ಮತ್ತೆ ಕಟ್ಟುವುದಿಲ್ಲ. ಏಷ್ಯಾ/ಕೋಲ್ಕತ್ತಾ ಹಾಕಿ ಅಂದದ್ದು ಇದಕ್ಕೇ.

ಸೈಟ್ ಪೂರ್ತಿ ಹಳೆಯದೇ ಕಾಣುತ್ತಿದ್ದರೆ ಬಿಲ್ಡ್ ನಿಂತಿದೆ ಅಂತ ಅರ್ಥ. ಕ್ಲೌಡ್‌ಫ್ಲೇರ್‌ನ ಡಿಪ್ಲಾಯ್‌ಮೆಂಟ್ ಪಟ್ಟಿಯಲ್ಲಿ ಕೆಂಪಾಗಿರುವುದನ್ನು ತೆರೆದು ಲಾಗ್‌ನ ಕೊನೆ ಓದಿ, ಯಾವ ಫೈಲು, ಎಷ್ಟನೇ ಸಾಲು ಅಂತ ಅದೇ ಹೇಳುತ್ತದೆ. ಹೆಚ್ಚಿನ ಸಲ ಶೀರ್ಷಿಕೆಯ ಉದ್ಧರಣ ಚಿಹ್ನೆಯೋ, +++ ಗುರುತೋ ಅಳಿಸಿಹೋಗಿರುತ್ತದೆ. ಬಿಲ್ಡ್ ನಿಂತರೂ ಹಳೇ ಸೈಟ್ ಹಾಗೇ ನಡೆಯುತ್ತಿರುತ್ತದೆ, ಗಾಬರಿ ಬೇಡ. ಹೊಸದೇ ಕೆಟ್ಟು ಕೂತಿದ್ದರೆ ಅದೇ ಪಟ್ಟಿಯಲ್ಲಿ ಹಿಂದಿನ ಒಳ್ಳೆಯದನ್ನು ಹುಡುಕಿ ರೋಲ್‌ಬ್ಯಾಕ್ ಒತ್ತಿ, ಆಮೇಲೆ ನಿಧಾನವಾಗಿ ಸರಿಪಡಿಸಿ.

ಹಣ್ಣು ಮುಗಿದ ಮೇಲೆ ಸೈಟ್ ಕಿತ್ತುಹಾಕಬೇಡಿ. ದರದ ಟೇಬಲ್ ತೆಗೆದು "ಈ ವರ್ಷದ ಹಣ್ಣು ಮುಗಿಯಿತು, ಮುಂದಿನ ವರ್ಷ ಮೊದಲ ಬಾಕ್ಸ್ ಬಂದಾಗ ತಿಳಿಸಬೇಕಾದರೆ ವಾಟ್ಸಾಪ್ ಮಾಡಿ" ಅಂತ ಒಂದು ಸಾಲು ಹಾಕಿ, ವಾಟ್ಸಾಪ್ ಲಿಂಕ್ ಹಾಗೇ ಬಿಡಿ.